ಹಸುಳೆತನ ದಾಟಿದ ಮೇಲೆ ಮೊಲೆಹಾಲು

ಮಗುವಿಗೆ ಎಷ್ಟು ಕಾಲದವರೆಗೆ ಮೊಲೆಹಾಲನ್ನು ಕೊಡಬೇಕೆಂಬುದು ಸಾರ್ವಜನಿಕ ಚರ್ಚೆಗೆ ಬರತಕ್ಕ ವಿಷಯವೇ ಎಂದು ನಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ಅದು ಮನೆಯ ಹಿರಿಯ ಹೆಂಗಸರು ತಮ್ಮೊಳಗೆ ತೀರ್ಮಾನಿಸಿಕೊಳ್ಳುವ ಸಂಗತಿಯೆಂದು ಗಂಡಸರಾದವರು ಬಹುಕಾಲದಿಂದ ಕೈಬಿಟ್ಟಿದ್ದಾರೆ. ಆದರೆ ಪಾಶ್ಚಾತ್ಯ ದೇಶಗಳಲ್ಲಿ ಈ ಪ್ರಶ್ನೆಯು ಪತ್ರಿಕೆಗಳ ಮುಖಪುಟಕ್ಕೇ ಬಂದಿದೆ. ೨೦೧೨ನೆಯ ಇಸವಿ ಮೇ ತಿಂಗಳಿನಲ್ಲಿ ಅಮೆರಿಕದ 'ಟೈಮ್' ವಾರಪತ್ರಿಕೆಯು ತನ್ನ ಮುಖಪುಟದಲ್ಲಿ ಒಂದು ಛಾಯಾಚಿತ್ರವನ್ನು ಪ್ರಕಟಿಸಿತು. ನಾಲ್ಕು ವರ್ಷ ತುಂಬುತ್ತ ಬಂದಿದ್ದ ಹುಡುಗನೊಬ್ಬನು ಕುರ್ಚಿಯ ಮೇಲೆ ನಿಂತು ತಾಯಿಯ ಮೊಲೆಯನ್ನುಣ್ಣುತ್ತಿರುವ ಚಿತ್ರವದು. ಅದನ್ನು ಕಂಡು ಅಸಹ್ಯಪಟ್ಟವರು ಎಷ್ಟೋ ಮಂದಿ. ಇದೇ ಪ್ರಕೃತಿಧರ್ಮವೆಂದು ಸಮರ್ಥಿಸಿದವರೂ ಎಷ್ಟೋ ಮಂದಿ. ಆ ಗದ್ದಲದಲ್ಲಿ ಎರಡು ಪಕ್ಷದವರೂ ಕೇಳುತ್ತಿದ್ದುದು ಒಂದೇ ಪ್ರಶ್ನೆ: ಮೊಲೆಯುಣ್ಣುವುದು ಎಂದಿಗೆ ಮುಗಿಯಬೇಕು? ಈ ಪ್ರಶ್ನೆಗಿಂತ ಮುಖ್ಯವಾದ ಇನ್ನೊಂದು ಪ್ರಶ್ನೆ ಇದರ ಮರೆಯಲ್ಲಿ ಅಡಗಿಹೋಗಿದೆಯೆಂಬುದೇ ನನ್ನ ಅಭಿಪ್ರಾಯ. ಅದನ್ನು ಹೇಳುವುದಕ್ಕೆ ಮೊದಲು ವಾದದ ಸ್ವರೂಪವನ್ನು ಸ್ವಲ್ಪ ನೋಡೋಣ.

ದೇಶದಿಂದ ದೇಶಕ್ಕೆ ಈ ವಿಷಯದಲ್ಲಿರುವ ಅಂತರವು ಬಹು ದೊಡ್ಡದು. ೨೦೧೬ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಪತ್ರಿಕೆಯು ಪ್ರಕಟಿಸಿದ ಲೆಕ್ಕದ ಪ್ರಕಾರ ಬ್ರಿಟನ್ನಿನಲ್ಲಿ ಒಂದು ವರ್ಷ ತುಂಬಿದ ಮಕ್ಕಳಲ್ಲಿ ಮೊಲೆಹಾಲನ್ನು ಕುಡಿಯುತ್ತಿದ್ದವರು ನೂರಕ್ಕೆ ಒಬ್ಬರೂ ಇಲ್ಲ. ನಮ್ಮ ಭರತಖಂಡದಲ್ಲಾದರೋ ಅರ್ಧಕ್ಕಿಂತ ಹೆಚ್ಚು ಮಕ್ಕಳು ಎರಡು ವರ್ಷ ತುಂಬಿದ ಮೇಲೂ ಮೊಲೆಯುಣ್ಣುತ್ತಿರುತ್ತಾರೆ. ಅಲ್ಲಿ ವಿಚಿತ್ರವೆನಿಸಿಕೊಳ್ಳುವುದು ಇಲ್ಲಿ ಸರ್ವಸಾಧಾರಣ. ಆದರೂ ಇಂಗ್ಲಿಷ್ ವಿದ್ಯಾಭ್ಯಾಸ ಪಡೆದ ನಮ್ಮ ಪಟ್ಟಣವಾಸಿಗಳ ಮನೆಗಳಲ್ಲಿ ಆ ಸಂಕೋಚವು ಮೆಲ್ಲಗೆ ಕಾಲಿಡುತ್ತಿದೆ. "ಇಷ್ಟು ದೊಡ್ಡವನಾದ, ಇನ್ನೂ ಬಿಡಿಸಿಲ್ಲವೆ?" ಎಂದು ನೆರೆಯವರು ಕೇಳಿದರೆ ತಲೆ ತಗ್ಗಿಸುವ ತಾಯಂದಿರಿದ್ದಾರೆ. ಕಚೇರಿಯ ಕೆಲಸಕ್ಕಾಗಿ ಒಂದು ವರ್ಷದೊಳಗೆ ಬಿಡಿಸಬೇಕಾಗಿ ಬಂದು, "ಅಷ್ಟು ಬೇಗನೆ?" ಎಂಬ ಮಾತಿಗೆ ತಲೆ ತಗ್ಗಿಸುವವರೂ ಇದ್ದಾರೆ. ಯಾವ ಕಡೆಗೆ ತಿರುಗಿದರೂ ಮಾತು ಕೇಳಬೇಕಾದವಳು ಹೆಂಗಸೇ.

ಪ್ರಾಚೀನರು ಈ ವಿಷಯದಲ್ಲಿ ನಮಗಿಂತ ಸಮಾಧಾನಚಿತ್ತರಾಗಿದ್ದರು. ಎರಡನೆಯ ಶತಮಾನದಲ್ಲಿ ರೋಮಿನಲ್ಲಿದ್ದ ಸೊರೇನಸ್ ಎಂಬ ಗ್ರೀಕ್ ವೈದ್ಯನು, ಹಲ್ಲುಗಳು ಬಂದು ಮಗುವು ಅಗಿಯಲು ಶಕ್ತವಾದ ಮೇಲೆ, ಅಂದರೆ ಸುಮಾರು ಒಂದೂವರೆ ಎರಡು ವರ್ಷಗಳ ವೇಳೆಗೆ, ಹಾಲು ಬಿಡಿಸಬಹುದೆಂದನು. ಯೆಹೂದ್ಯರ ತಾಲ್ಮೂದಿನಲ್ಲಿ ಇಪ್ಪತ್ತನಾಲ್ಕು ತಿಂಗಳೆಂದು ಒಬ್ಬ ಪಂಡಿತನ ಮತ. ನಾಲ್ಕೈದು ವರ್ಷಗಳಾದರೂ ಅಡ್ಡಿಯಿಲ್ಲವೆಂದು ಇನ್ನೊಬ್ಬನ ಮತ. ಇಸ್ಲಾಮಿನ ಪವಿತ್ರಗ್ರಂಥವು ಪೂರ್ಣಾವಧಿಯೆಂದು ಎರಡು ವರ್ಷಗಳನ್ನು ಹೇಳಿ, ತಾಯಿತಂದೆಗಳು ಪರಸ್ಪರ ಸಮಾಲೋಚಿಸಿ ಒಪ್ಪಿದರೆ ಅದಕ್ಕೆ ಮೊದಲೇ ಬಿಡಿಸಲೂ ಅವಕಾಶ ಕೊಟ್ಟಿದೆ.

ನಮ್ಮ ಸುಶ್ರುತಸಂಹಿತೆಯಲ್ಲಿರುವ ವಿಭಾಗವು ಇವೆಲ್ಲಕ್ಕಿಂತಲೂ ಗಮನಾರ್ಹವಾದುದು. ಸುಶ್ರುತನು ಬಾಲರನ್ನು ಮೂರು ವಿಧವಾಗಿ ವಿಂಗಡಿಸುತ್ತಾನೆ: ಒಂದು ವರ್ಷದವರೆಗೆ ಕ್ಷೀರಪರು, ಎಂದರೆ ಹಾಲನ್ನು ಕುಡಿಯುವವರು, ಎರಡು ವರ್ಷದವರೆಗೆ ಕ್ಷೀರಾನ್ನಾದರು, ಹಾಲನ್ನೂ ಅನ್ನವನ್ನೂ ಸೇವಿಸುವವರು, ಅಲ್ಲಿಂದ ಮುಂದೆ ಅನ್ನಾದರು. ಅದೇ ಗ್ರಂಥವೇ ಆರನೆಯ ತಿಂಗಳಿನಲ್ಲಿ ಲಘುವೂ ಹಿತವೂ ಆದ ಅನ್ನವನ್ನು ಪ್ರಾಶನ ಮಾಡಿಸಬೇಕೆಂದೂ ವಿಧಿಸುತ್ತದೆ. ಹಾಗಾದರೆ ಕ್ಷೀರಪನೆಂಬ ಹೆಸರಿರುವಾಗಲೇ ಅನ್ನ ಆರಂಭವಾಗುತ್ತದೆ. ಅನ್ನ ಆರಂಭವಾದ ಮೇಲೆಯೂ ಹಾಲು ನಿಲ್ಲುವುದಿಲ್ಲ. ಇದನ್ನು ಓದಿದಾಗ, ಹಾಲು ಬಿಡಿಸುವುದು ಒಂದು ದಿನದ ಕಾರ್ಯವಲ್ಲ, ಒಂದೂವರೆ ವರ್ಷದ ಕಾರ್ಯವೆಂಬ ತಿಳಿವಳಿಕೆ ಅವನಿಗಿತ್ತೆಂದು ತೋರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯವರು ಈಗ ಹೇಳುತ್ತಿರುವುದೂ ಹೆಚ್ಚುಕಡಿಮೆ ಇದನ್ನೇ: ಮೊದಲ ಆರು ತಿಂಗಳು ತಾಯಿಯ ಹಾಲೊಂದೇ, ಅನಂತರ ಇತರ ಆಹಾರದ ಜೊತೆಗೆ ಎರಡು ವರ್ಷದವರೆಗೆ ಅಥವಾ ಅದಕ್ಕೂ ಮೀರಿ ಮೊಲೆಹಾಲು. ಬಹುಕಾಲ ಒಂದು ವರ್ಷವೆಂದೇ ಹೇಳುತ್ತಿದ್ದ ಅಮೆರಿಕದ ಶಿಶುವೈದ್ಯರ ಸಂಘವೂ ೨೦೨೨ರಲ್ಲಿ, ತಾಯಿ ಮಗು ಇಬ್ಬರೂ ಇಷ್ಟಪಡುವವರೆಗೆ, ಎರಡು ವರ್ಷ ಅಥವಾ ಅದರಾಚೆಗೂ, ಮುಂದುವರಿಸುವುದನ್ನು ಬೆಂಬಲಿಸುವುದಾಗಿ ತಿಳಿಸಿತು.

ಹೀಗಿರುವಾಗ ಪಶ್ಚಿಮದಲ್ಲಿ ಸಂಕೋಚವು ಹುಟ್ಟಿದ್ದು ಹೇಗೆ? ಇದಕ್ಕೆ ಹಲವು ಕಾರಣಗಳುಂಟು. ಕಾರ್ಖಾನೆಯ ದುಡಿಮೆ, ಡಬ್ಬದ ಹಾಲಿನ ವ್ಯಾಪಾರ, ಇವು ಎಲ್ಲರಿಗೂ ತಿಳಿದವು. ಮಕ್ಕಳ ಪಾಲನೆಯನ್ನು ಗಡಿಯಾರಕ್ಕೆ ಕಟ್ಟಿಹಾಕಿದ ಪಂಡಿತರ ಪಾಲೂ ಇದರಲ್ಲಿ ಇಲ್ಲದಿಲ್ಲ. ನ್ಯೂಜಿಲೆಂಡಿನ ಟ್ರೂಬಿ ಕಿಂಗ್ ಎಂಬ ವೈದ್ಯರು ಮೊಲೆಹಾಲಿನ ದೊಡ್ಡ ಪಕ್ಷಪಾತಿಗಳು. ಆದರೆ ನಾಲ್ಕು ನಾಲ್ಕು ಗಂಟೆಗೊಮ್ಮೆ ಮಾತ್ರ ಕೊಡಬೇಕು, ಒಂಬತ್ತು ತಿಂಗಳಿನ ಸುಮಾರಿಗೆ ಬಿಡಿಸಬೇಕು ಎಂಬುದು ಅವರ ಕಟ್ಟಳೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಾಟ್ಸನ್ ಎಂಬುವರು ೧೯೨೮ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಮಕ್ಕಳನ್ನು ಮುದ್ದಿಸುವುದೇ ಅಪಾಯಕರವೆಂದು ತಾಯಂದಿರನ್ನು ಎಚ್ಚರಿಸಿದರು. ಮುತ್ತು ಕೊಡುವುದಕ್ಕೇ ಹೆದರಬೇಕಾದ ತಾಯಿ ಎರಡು ವರ್ಷ ಮೊಲೆಯೂಡಿಸುವುದು ಹೇಗೆ? ಹೆಚ್ಚು ಕಾಲ ಮೊಲೆಯುಂಡ ಮಗುವು ತಾಯಿಯ ಸೆರಗನ್ನು ಬಿಡದ ಹೇಡಿಯಾಗುವುದೆಂಬ ಭಯವು ಇಂಥ ಉಪದೇಶಗಳಿಂದ ಬಲಗೊಂಡಿತು. ಆ ಭಯಕ್ಕೆ ಸಮರ್ಪಕವಾದ ಪ್ರಮಾಣವಿಲ್ಲ.

ಈ ಕಟ್ಟಳೆಗಳಿಗೆ ಪ್ರತಿಯಾಗಿ ಎದ್ದ ವಾದವು ಇನ್ನೂ ಸ್ವಾರಸ್ಯಕರವಾದುದು. ಕ್ಯಾಥರೀನ್ ಡೆಟ್‌ವೈಲರ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞೆ ೧೯೯೫ರಲ್ಲಿ ಒಂದು ಪ್ರಶ್ನೆಯನ್ನೆತ್ತಿದರು. ಸಂಪ್ರದಾಯಗಳನ್ನೆಲ್ಲ ಬದಿಗಿಟ್ಟು ನೋಡಿದರೆ, ಮನುಷ್ಯನೆಂಬ ಪ್ರಾಣಿಯ ಮರಿಯು ಸ್ವಭಾವತಃ ಎಷ್ಟು ಕಾಲ ಮೊಲೆಯುಣ್ಣತಕ್ಕದ್ದು? ಇದಕ್ಕಾಗಿ ಅವರು ನಮ್ಮ ಸಮೀಪಬಂಧುಗಳಾದ ವಾನರಗಳ ಲೆಕ್ಕವನ್ನು ಹಿಡಿದರು. ಚಿಂಪಾಂಜಿ ಗೊರಿಲ್ಲಾಗಳು ಗರ್ಭದಲ್ಲಿರುವ ಕಾಲದ ಸುಮಾರು ಆರರಷ್ಟು ಕಾಲ ಮೊಲೆಯುಣ್ಣುತ್ತವೆ; ಆ ಮಾನದಿಂದ ಮನುಷ್ಯನಿಗೆ ನಾಲ್ಕೂವರೆ ವರ್ಷವಾಗುತ್ತದೆ. ಮೊದಲನೆಯ ಶಾಶ್ವತ ದವಡೆಹಲ್ಲು ಮೂಡುವ ಕಾಲವನ್ನು ಹಿಡಿದರೆ ಸುಮಾರು ಆರು ವರ್ಷ. ಹುಟ್ಟಿದಾಗಿನ ತೂಕ ನಾಲ್ಕರಷ್ಟಾಗುವ ಕಾಲವನ್ನು ಹಿಡಿದರೆ ಎರಡೂಕಾಲರಿಂದ ಎರಡೂವರೆ ವರ್ಷ. ಹೀಗೆ ಲೆಕ್ಕ ಹಾಕಿ ಅವರು ಎರಡೂವರೆಯಿಂದ ಏಳು ವರ್ಷಗಳವರೆಗೆ ಎಂಬ ನಿರ್ಣಯಕ್ಕೆ ಬಂದರು. ದೀರ್ಘಕಾಲ ಮೊಲೆಯೂಡಿಸುವುದು ವಿಕೃತಿಯೆಂಬ ಆಕ್ಷೇಪಕ್ಕೆ ಇದು ತಕ್ಕ ಉತ್ತರವೇ ಆಯಿತು.

ಆದರೆ ಈ ಲೆಕ್ಕವನ್ನು ನಮಗೊಂದು ವಿಧಿಯೆಂದು ತಿಳಿಯುವುದು ಸರಿಯಲ್ಲ. ಹಲ್ಲುಗಳ ಪರೀಕ್ಷೆಯಿಂದ ೨೦೧೭ರಲ್ಲಿ ತಿಳಿದುಬಂದಂತೆ ಒರಾಂಗುಟನ್ ಮರಿಯು ಎಂಟು ವರ್ಷಗಳನ್ನು ಮೀರಿಯೂ ಮೊಲೆಯುಣ್ಣುವುದುಂಟು. ಚಿಂಪಾಂಜಿಯು ನಾಲ್ಕೈದು ವರ್ಷ. ಆದರೆ ಡಬ್ಬದ ಹಾಲನ್ನು ಕಾಣದ, ಬೇಟೆ ಬೇಸಾಯಗಳಿಂದ ಬದುಕುವ ಮನುಷ್ಯಸಮಾಜಗಳಲ್ಲಿ ಮಕ್ಕಳು ಸಾಮಾನ್ಯವಾಗಿ ಎರಡರಿಂದ ನಾಲ್ಕು ವರ್ಷಗಳೊಳಗೆ ಹಾಲು ಬಿಡುತ್ತವೆ. ಮನುಷ್ಯನ ಬಾಲ್ಯವು ಆ ಪ್ರಾಣಿಗಳ ಬಾಲ್ಯಕ್ಕಿಂತ ದೀರ್ಘವಾಗಿದ್ದರೂ ಹಾಲು ಬಿಡುವುದು ಮಾತ್ರ ಬೇಗ. ಇದು ಹೇಗೆ ಸಾಧ್ಯವಾಯಿತು? ಚಿಂಪಾಂಜಿಯ ಮರಿಯು ತನ್ನ ಆಹಾರವನ್ನು ಬಹುಮಟ್ಟಿಗೆ ತಾನೇ ಹುಡುಕಿ ತಿನ್ನಬೇಕು. ಮನುಷ್ಯನ ಮಗುವಿಗಾದರೋ ಬೇಯಿಸಿ, ಅರೆದು, ಕಿವುಚಿ, ಬಾಯಿಗಿಡುವ ಕೈಗಳಿವೆ. ಆ ಕೈಗಳು ತಾಯಿಯವೇ ಆಗಿರಬೇಕೆಂದೂ ಇಲ್ಲ, ಅಜ್ಜಿಯದೋ ಅಕ್ಕನದೋ ಚಿಕ್ಕಮ್ಮನದೋ ಆಗಬಹುದು. ಹಾಲಿಗೂ ಊಟಕ್ಕೂ ನಡುವೆ ಇರುವ ಈ ತುತ್ತಿನ ಕಾಲವೇ ಮನುಷ್ಯನ ವೈಶಿಷ್ಟ್ಯ. ಆದುದರಿಂದ ಮೊಲೆಯುಣ್ಣುವುದು ಎಂದಿಗೆ ಮುಗಿಯಬೇಕೆಂದು ಕೇಳುವುದಕ್ಕಿಂತ, ಅದರ ಜೊತೆಗೆ ತುತ್ತು ಎಂದಿಗೆ ಆರಂಭವಾಯಿತು, ಆ ತುತ್ತಿನಲ್ಲಿ ಏನಿದೆ ಎಂದು ಕೇಳುವುದೇ ಹೆಚ್ಚು ಪ್ರಯೋಜನಕರ. ಮರೆಯಲ್ಲಿ ಅಡಗಿದ ಪ್ರಶ್ನೆಯೆಂದು ನಾನು ಮೊದಲು ಹೇಳಿದ್ದು ಇದನ್ನೇ.

ಒಂದು ವರ್ಷವಾದ ಮೇಲೆ ತಾಯಿಯ ಹಾಲು ನೀರಾಗಿಬಿಡುತ್ತದೆ, ಅದರಲ್ಲಿ ಸತ್ವವಿರುವುದಿಲ್ಲವೆಂಬ ಮಾತನ್ನು ವಿದ್ಯಾವಂತರ ಬಾಯಲ್ಲಿಯೂ ಕೇಳುತ್ತೇವೆ. ಇದು ನಿಜವಲ್ಲ. ಎರಡನೆಯ ವರ್ಷದಲ್ಲಿಯೂ ಹಾಲಿನ ಕೊಬ್ಬು ಕಡಿಮೆಯಾಗುವುದಿಲ್ಲ. ರೋಗಾಣುಗಳನ್ನು ನಾಶಮಾಡುವ ಲೈಸೋಜೈಮ್ ಎಂಬ ವಸ್ತುವಾದರೋ ಆಗ ಹೆಚ್ಚುತ್ತದೆ. ಒಂದರಿಂದ ಎರಡು ವರ್ಷದೊಳಗಿನ ಮಗುವಿಗೆ ಬೇಕಾದ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಮೊಲೆಹಾಲು ಒದಗಿಸಬಲ್ಲುದು. ಮಗುವಿಗೆ ಕಾಯಿಲೆಯಾಗಿ ಅನ್ನವನ್ನು ನೂಕಿಬಿಟ್ಟಾಗಲೂ ಮೊಲೆಯನ್ನು ಬೇಡವೆನ್ನುವುದು ಅಪರೂಪ. ಭೇದಿಯಾಗುತ್ತಿರುವ ಮಗುವಿಗೆ ಇದೊಂದು ದೊಡ್ಡ ಆಧಾರ. ತಾಯಿಗೂ ಇದರಿಂದ ಲಾಭವುಂಟು. ಮೂವತ್ತು ದೇಶಗಳ ೪೭ ಪರಿಶೋಧನೆಗಳನ್ನು ಒಟ್ಟುಗೂಡಿಸಿ ೨೦೦೨ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಮೊಲೆಯೂಡಿಸಿದ ಪ್ರತಿ ಹನ್ನೆರಡು ತಿಂಗಳಿಗೂ ಸ್ತನದ ಕ್ಯಾನ್ಸರ್ ಬರುವ ಸಂಭವವು ನೂರಕ್ಕೆ ೪.೩ರಂತೆ ಇಳಿಯುತ್ತದೆ.

ಇಷ್ಟೆಲ್ಲ ಗುಣಗಳಿರುವ ಹಾಲಿನಲ್ಲಿ ಒಂದು ಕೊರತೆಯಿದೆ. ಅದರಲ್ಲಿ ಕಬ್ಬಿಣದ ಅಂಶ ಅತ್ಯಲ್ಪ: ಒಂದು ಲೀಟರಿಗೆ ಅರ್ಧ ಮಿಲಿಗ್ರಾಮಿಗಿಂತಲೂ ಕಡಿಮೆ. ಗರ್ಭದಲ್ಲಿರುವಾಗ ಮಗುವು ಕೂಡಿಟ್ಟುಕೊಂಡು ಬಂದ ಕಬ್ಬಿಣವು ಸುಮಾರು ಆರು ತಿಂಗಳಿಗೆ ಸಾಕಾಗುತ್ತದೆ. ಆಮೇಲೆ ಅದು ಹೊರಗಿನ ಆಹಾರದಿಂದಲೇ ಬರಬೇಕು. ಹಾಲನ್ನು ಎಷ್ಟು ಹೊಗಳಿದರೂ ಈ ಲೆಕ್ಕವು ಬದಲಾಗುವುದಿಲ್ಲ.

ಇನ್ನು ವೈದ್ಯರಲ್ಲಿಯೇ ಎದ್ದ ಒಂದು ಗಂಭೀರವಾದ ಆಕ್ಷೇಪವನ್ನು ನೋಡೋಣ. ಬಡದೇಶಗಳಲ್ಲಿ ನಡೆಸಿದ ಹಲವು ಪರಿಶೀಲನೆಗಳಲ್ಲಿ, ಒಂದು ವರ್ಷ ಕಳೆದ ಮೇಲೂ ಮೊಲೆಯುಣ್ಣುತ್ತಿದ್ದ ಮಕ್ಕಳು ಹಾಲು ಬಿಟ್ಟ ಮಕ್ಕಳಿಗಿಂತ ಕುಳ್ಳಾಗಿಯೂ ತೆಳ್ಳಗಾಗಿಯೂ ಇದ್ದುದು ಕಂಡುಬಂದಿತು. ಮೊಲೆಯ ಹಾಲೇ ಹಸಿವನ್ನು ಕೆಡಿಸಿ ಮಗುವನ್ನು ಬಡಕಲು ಮಾಡುತ್ತಿದೆ, ಬೇಗನೆ ಬಿಡಿಸುವುದೇ ಲೇಸು ಎಂದು ಕೆಲವರು ತೀರ್ಮಾನಿಸಿದರು. ಮೇಲುನೋಟಕ್ಕೆ ಇದು ಸರಿಯೆಂದೇ ತೋರುತ್ತದೆ. ಆದರೆ ಪೆರು ದೇಶದ ರಾಜಧಾನಿಯಾದ ಲೀಮಾ ನಗರದ ಬಡವರ ಬಡಾವಣೆಯೊಂದರಲ್ಲಿ ಮಕ್ಕಳನ್ನು ತಿಂಗಳುಗಟ್ಟಲೆ ಬಿಡದೆ ಗಮನಿಸಿದ ಸಂಶೋಧಕರು ೧೯೯೭ರಲ್ಲಿ ಇದರ ಗುಟ್ಟನ್ನು ಹೊರಗೆಡಹಿದರು. ಅಲ್ಲಿಯ ತಾಯಂದಿರು ಗುಂಡುಗುಂಡಾಗಿ ಬೆಳೆಯುತ್ತಿದ್ದ ಮಗುವಿಗೆ ಹಾಲು ಬಿಡಿಸುತ್ತಿದ್ದರು. ಬೆಳವಣಿಗೆ ಕುಂಠಿತವಾದ, ಊಟ ಸಾಲದ, ಮೇಲಿಂದ ಮೇಲೆ ಭೇದಿಯಾಗುತ್ತಿದ್ದ ಮಗುವಿಗೆ, "ಪಾಪ, ಇದಕ್ಕೆ ಇನ್ನಷ್ಟು ದಿನ ಇರಲಿ" ಎಂದು ಮುಂದುವರಿಸುತ್ತಿದ್ದರು. ಮೊಲೆಹಾಲಿನಿಂದ ಮಗು ಬಡವಾದದ್ದಲ್ಲ. ಬಡವಾದ ಮಗುವಿಗೆ ಮೊಲೆಹಾಲು ಮುಂದುವರಿಯಿತು. ಕಾರಣವನ್ನು ಕಾರ್ಯವೆಂದೂ ಕಾರ್ಯವನ್ನು ಕಾರಣವೆಂದೂ ಹಿಡಿದದ್ದರಿಂದ ಆದ ಪ್ರಮಾದವಿದು. ಕೊಡೆ ಹಿಡಿದವರು ಹೆಚ್ಚಾಗಿರುವ ದಿನವೇ ಮಳೆ ಬರುತ್ತದೆ, ಆದುದರಿಂದ ಮಳೆಗೆ ಕೊಡೆಯೇ ಕಾರಣವೆಂದಂತೆ. ತರ್ಕಶಾಸ್ತ್ರವನ್ನು ಓದುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಉತ್ತಮವಾದ ಉದಾಹರಣೆ ಸಿಕ್ಕುವುದು ಕಷ್ಟ. ಶಾಸ್ತ್ರಜ್ಞರ ಲೆಕ್ಕಕ್ಕೆ ಕಾಣದಿದ್ದದ್ದು ಆ ಬಡ ತಾಯಂದಿರ ಕಣ್ಣಿಗೆ ಮೊದಲೇ ಕಂಡಿತ್ತೆಂಬುದನ್ನೂ ಇಲ್ಲಿ ಹೇಳಬೇಕು.

ಹಾಲನ್ನು ಥಟ್ಟನೆ ಬಿಡಿಸುವುದರಿಂದ ಏನಾಗಬಹುದೆಂಬುದಕ್ಕೆ ಇನ್ನೊಂದು ನಿದರ್ಶನವಿದೆ. ಜಮೈಕಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ವೈದ್ಯವಿದ್ಯೆ ಕಲಿತ ಸಿಸೆಲಿ ವಿಲಿಯಮ್ಸ್ ಎಂಬ ಮಹಿಳೆ, ಈಗ ಘಾನಾ ಎನಿಸಿರುವ ಗೋಲ್ಡ್ ಕೋಸ್ಟಿನಲ್ಲಿ ಕೆಲಸಮಾಡುತ್ತಿದ್ದಾಗ, ಕೈಕಾಲು ಊದಿ, ಚರ್ಮ ಸುಲಿದು, ಕೂದಲು ಬಣ್ಣಗೆಟ್ಟು ಸಾಯುತ್ತಿದ್ದ ಮಕ್ಕಳನ್ನು ಕಂಡರು. ಅವು ಸಾಮಾನ್ಯವಾಗಿ ಒಂದರಿಂದ ನಾಲ್ಕು ವರ್ಷದವು. ಆ ರೋಗವನ್ನು ಅವರು ೧೯೩೩ರಲ್ಲಿ ವರ್ಣಿಸಿ, ಅಲ್ಲಿಯ ಗಾ ಭಾಷೆಯ ಕ್ವಾಷಿಯೋರ್ಕರ್ ಎಂಬ ಹೆಸರನ್ನೇ ವೈದ್ಯಶಾಸ್ತ್ರಕ್ಕೆ ತಂದರು. ಹೊಸ ಕೂಸು ಬಂದಾಗ ಹಳೆಯ ಕೂಸಿಗೆ ತಗಲುವ ರೋಗವೆಂಬುದು ಅದರ ಭಾವಾರ್ಥ. ತಾಯಿ ಮತ್ತೆ ಬಸುರಾದಳು, ಮಡಿಲಿನ ಮಗುವನ್ನು ಕೆಳಗಿಳಿಸಿದಳು, ಅದಕ್ಕೆ ಸಿಕ್ಕಿದ್ದು ಜೋಳದ ಗಂಜಿ ಮಾತ್ರ. ಈ ರೋಗಕ್ಕೆ ಸಸಾರಜನಕದ ಕೊರತೆಯೊಂದೇ ಕಾರಣವಲ್ಲವೆಂದು ಅನಂತರ ತಿಳಿದಿದೆ. ಸೋಂಕುಗಳೂ ಸೇರಿ ಇತರ ಕಾರಣಗಳೂ ಉಂಟು. ಆದರೆ ಆ ಊರಿನ ಹೆಂಗಸರು ಇಟ್ಟ ಹೆಸರಿನಲ್ಲಿರುವ ಅನುಭವವು ಸುಳ್ಳಲ್ಲ. ಬಸುರಿಯ ಹಾಲು ವಿಷವೆಂಬ ನಂಬಿಕೆ ನಮ್ಮಲ್ಲಿಯೂ ಇದೆ. ತೊಂದರೆಯಿಲ್ಲದ ಬಸುರಿನಲ್ಲಿ ಮೊಲೆಯೂಡಿಸುವುದರಿಂದ ಅಪಾಯವಿಲ್ಲ. ಹಾಲು ಕ್ರಮವಾಗಿ ಕಡಿಮೆಯಾಗುವುದು ಮಾತ್ರ ಉಂಟು. ಗರ್ಭಸ್ರಾವದ ಭಯವಿರುವವರು ವೈದ್ಯರನ್ನು ಕೇಳಬೇಕು.

ಈಗ ನಮ್ಮ ಮನೆಯ ವಿಷಯಕ್ಕೆ ಬರೋಣ. ಭಾರತ ಸರ್ಕಾರದವರು ೨೦೧೯ರಿಂದ ೨೦೨೧ರವರೆಗೆ ನಡೆಸಿದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳು ಯೋಚನೆಗೆ ಎಡೆಗೊಡುತ್ತವೆ. ಆರರಿಂದ ಎಂಟು ತಿಂಗಳ ಮಕ್ಕಳಲ್ಲಿ ಮೊಲೆಹಾಲಿನ ಜೊತೆಗೆ ಬೇರೆ ಆಹಾರವನ್ನು ಪಡೆಯುತ್ತಿದ್ದವರು ನೂರಕ್ಕೆ ೪೬ ಮಾತ್ರ. ಆರು ತಿಂಗಳಿನಿಂದ ಎರಡು ವರ್ಷದೊಳಗಿನವರಲ್ಲಿ ಸಾಕಾದಷ್ಟು ವೈವಿಧ್ಯವುಳ್ಳ ಆಹಾರವನ್ನು ಸಾಕಾದಷ್ಟು ಸಲ ಉಣ್ಣುತ್ತಿದ್ದವರು ನೂರಕ್ಕೆ ೧೧. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ೬೭ ಮಂದಿಗೆ ರಕ್ತಹೀನತೆ. ಅನ್ನಪ್ರಾಶನವನ್ನು ಸಂಸ್ಕಾರವೆಂದು ಮಂತ್ರಸಹಿತವಾಗಿ ಮಾಡುವ ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಸಕಾಲದಲ್ಲಿ ಅನ್ನವಿಲ್ಲ. ಸಂಸ್ಕಾರದ ದಿನ ಒಂದು ಚಮಚ ಪಾಯಸವನ್ನು ನೆಕ್ಕಿಸಿ, ಮಾರನೆಯ ದಿನದಿಂದ ಮತ್ತೆ ಹಾಲೊಂದರಲ್ಲಿಯೇ ಸಾಗಿಸುವ ಮನೆಗಳೂ ಇಲ್ಲದಿಲ್ಲ. ಮೊಲೆಯೂಡಿಸುವ ಅಭ್ಯಾಸವು ನಮ್ಮಲ್ಲಿ ಸಾಕಷ್ಟು ದೀರ್ಘವಾಗಿಯೇ ಇದೆ. ಪಾಶ್ಚಾತ್ಯರ ಜಗಳವನ್ನು ಎರವು ತಂದು ಅದನ್ನು ಮೊಟಕು ಮಾಡಿದರೆ ಮಗುವಿನ ತಟ್ಟೆಯೇನೂ ತುಂಬುವುದಿಲ್ಲ.

ತಟ್ಟೆ ತುಂಬುವುದಕ್ಕೆ ಬೇಕಾದ ಪ್ರಮಾಣವೂ ಅಷ್ಟು ದೊಡ್ಡದಲ್ಲ. ಮೊಲೆಹಾಲು ಸಾಮಾನ್ಯವಾಗಿ ಸಿಕ್ಕುತ್ತಿರುವ ಮಗುವಿಗೆ ಹೊರಗಿನ ಆಹಾರದಿಂದ ದಿನಕ್ಕೆ ಆರರಿಂದ ಎಂಟನೆಯ ತಿಂಗಳಿನವರೆಗೆ ಸುಮಾರು ೨೦೦ ಕ್ಯಾಲೊರಿ, ಒಂಬತ್ತರಿಂದ ಹನ್ನೊಂದರವರೆಗೆ ೩೦೦, ಎರಡನೆಯ ವರ್ಷದಲ್ಲಿ ೫೫೦ ಬೇಕಾಗುತ್ತದೆ. ಕಷ್ಟವೆಲ್ಲ ಮಗುವಿನ ಹೊಟ್ಟೆ ಸಣ್ಣದೆಂಬುದರಲ್ಲಿದೆ. ಹಿಟ್ಟನ್ನು ಬೇಯಿಸಿದಾಗ ಅದು ಉಬ್ಬಿ ಗಟ್ಟಿಯಾಗುತ್ತದೆ. ಮಗು ನುಂಗಲಿ ಎಂದು ತಾಯಿ ನೀರು ಬೆರೆಸುತ್ತಾಳೆ. ಹೊಟ್ಟೆ ನೀರಿನಿಂದ ತುಂಬಿ, ಸತ್ವವು ಹೋಗುವುದು ಸ್ವಲ್ಪ. ಹಳೆಯ ಮೈಸೂರಿನ ಮನೆಗಳಲ್ಲಿ ರಾಗಿಯ ಸರಿ ಮಾಡುವ ಕ್ರಮವು ಈ ಕಷ್ಟಕ್ಕೆ ಪರಿಹಾರವಾಗಿ ಬಂದಂತಿದೆ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಬೀಸಿ, ತೆಳುಬಟ್ಟೆಯಲ್ಲಿ ಜರಡಿಯಾಡುತ್ತಾರೆ. ಮೊಳಕೆಯಲ್ಲಿ ಹುಟ್ಟುವ ಕಿಣ್ವವು ಪಿಷ್ಟವನ್ನು ಒಡೆಯುವುದರಿಂದ ಅದೇ ತೆಳುವಿನ ಗಂಜಿಯಲ್ಲಿ ಹೆಚ್ಚು ಹಿಟ್ಟನ್ನು ಹಿಡಿಸಬಹುದು. ರಾಗಿಯಲ್ಲಿ ಸುಣ್ಣದ ಅಂಶವೂ ಧಾರಾಳ. ಆದರೆ ಸರಿಯೊಂದನ್ನೇ ನೆಚ್ಚಿ ಕೂರುವಂತಿಲ್ಲ. ಬೇಳೆ, ಸೊಪ್ಪು, ಹಣ್ಣು, ತುಪ್ಪ, ತಿನ್ನುವ ಮನೆಗಳಲ್ಲಿ ಮೊಟ್ಟೆ, ಮೀನು, ಮಾಂಸ, ಇವು ಕ್ರಮವಾಗಿ ಸೇರಬೇಕು. ಕಬ್ಬಿಣವು ಸುಲಭವಾಗಿ ಮೈಗೂಡುವುದು ಮಾಂಸದಿಂದ. ಶಾಕಾಹಾರಿಗಳ ಮನೆಯಲ್ಲಿ ನಿಂಬೆ, ನೆಲ್ಲಿ, ಸೀಬೆಗಳ ನೆರವಿನಿಂದ ಬೇಳೆಕಾಳುಗಳಲ್ಲಿರುವ ಕಬ್ಬಿಣವು ಹೆಚ್ಚು ಹಿಡಿಯುತ್ತದೆ. ಸರ್ಕಾರವು ಕೊಡುವ ಕಬ್ಬಿಣದ ಔಷಧವನ್ನು ಕಪ್ಪಾಗುವುದೆಂದು ಬಿಸುಡಬಾರದು.

ಎರಡು ವರ್ಷ ಕಳೆದ ಮೇಲೆ? ಚೆನ್ನಾಗಿ ಊಟಮಾಡುವ ಮೂರು ನಾಲ್ಕು ವರ್ಷದ ಮಗುವಿಗೆ ಮೊಲೆಹಾಲು ಪೋಷಣೆಗಾಗಿ ಅವಶ್ಯಕವಲ್ಲ. ಕೊಟ್ಟರೆ ಕೆಡುಕೂ ಇಲ್ಲ. ಹಲ್ಲಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ವರ್ಷ ದಾಟಿದ ಮಗು ರಾತ್ರಿಯೆಲ್ಲ ಮತ್ತೆ ಮತ್ತೆ ಮೊಲೆಯುಣ್ಣುತ್ತ ಮಲಗಿದರೆ ಹುಳುಕು ಹೆಚ್ಚಾಗಿ ಕಂಡುಬರುತ್ತದೆ. ಮಲಗುವ ಮುಂಚೆ ಹಲ್ಲುಜ್ಜಿಸಿ, ರಾತ್ರಿಯ ಹಾಲನ್ನು ಕಡಿಮೆಮಾಡುವುದು ಒಳ್ಳೆಯದು. ಅಲ್ಲಿಂದ ಮುಂದಿನದು ತಾಯಿ ಮಗು ಇಬ್ಬರ ನಡುವಿನ ಮಾತು. ತಾಯಿಗೆ ಸಾಕೆನಿಸಿದರೆ ಅದೇ ಸಾಕಾದ ಕಾರಣ. ನೆರೆಯವರ ಒಪ್ಪಿಗೆ ಬೇಕಾಗಿಲ್ಲ.

ಬಿಡಿಸುವ ಬಗೆಯನ್ನು ಕುರಿತು ಒಂದೆರಡು ಮಾತು. ಬೇವಿನೆಲೆಯನ್ನು ಅರೆದು ಮೊಲೆಗೆ ಹಚ್ಚುವುದು, ಮಗುವನ್ನು ನಾಲ್ಕು ದಿನ ಅಜ್ಜಿಯ ಮನೆಗೆ ಕಳುಹಿಸುವುದು, ಇವು ನಮ್ಮಲ್ಲಿ ರೂಢಿಯಾದ ಉಪಾಯಗಳು. ಇವುಗಳಿಂದ ಹಾಲು ಬಿಡುವುದೇನೋ ನಿಜ. ಆದರೆ ಮೊಲೆಯಲ್ಲಿ ಹಾಲು ಊರುವುದು ಮಗುವು ಎಷ್ಟು ಕುಡಿಯುತ್ತದೆಂಬುದನ್ನು ಅನುಸರಿಸಿ. ಥಟ್ಟನೆ ನಿಲ್ಲಿಸಿದರೆ ಹಾಲು ಕಟ್ಟಿ, ಮೊಲೆ ಬಾತು, ಒಮ್ಮೊಮ್ಮೆ ಕೀವಾಗುವವರೆಗೂ ಹೋಗುತ್ತದೆ. ಹಗಲಿನ ಒಂದು ಸರದಿಯನ್ನು ಬಿಟ್ಟು, ಆ ಹೊತ್ತಿಗೆ ತಿನ್ನಲು ಏನಾದರೂ ಕೊಟ್ಟು, ನಾಲ್ಕೈದು ದಿನ ತಡೆದು ಮತ್ತೊಂದನ್ನು ಬಿಡುತ್ತ ಬಂದರೆ ಇಬ್ಬರಿಗೂ ಹಿತ. ಮಲಗುವ ಹೊತ್ತಿನದು ಕಡೆಗೆ ಹೋಗಲಿ. ಮಗು ಹಟ ಹಿಡಿಯುವುದು ಸಾಮಾನ್ಯವಾಗಿ ಅದಕ್ಕೇ. ಜ್ವರವೋ ಭೇದಿಯೋ ಇರುವಾಗ ಬಿಡಿಸಲು ತೊಡಗಬಾರದು. ಬೇರೇನೂ ಒಲ್ಲದ ಆ ದಿನಗಳಲ್ಲಿ ಹೊಟ್ಟೆಯಲ್ಲಿ ನಿಲ್ಲುವುದು ಅದೊಂದೇ ಆಗಿರಬಹುದು. ಮಗು ಚೇತರಿಸಿಕೊಂಡು ಎರಡು ವಾರ ಚೆನ್ನಾಗಿ ಉಂಡ ಮೇಲೆ ಪ್ರಾರಂಭಿಸಬಹುದು.